ಮಾತು ಬಾರದ ಮಕ್ಕಳ ನೋವು

“ಮಕ್ಕಳಿಗೇನು ಗೊತ್ತಾಗುತ್ತದೆ?” ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೊಂದು ಬಾರಿಯಾದರೂ ಕೇಳಿಬರುತ್ತದೆ. ಮಗು ಎಡವಿ ಬಿದ್ದರೂ ಇದೇ ಮಾತು, ಕಿವಿ ಚುಚ್ಚಿಸಿದರೂ ಇದೇ ಮಾತು. ಸ್ವಲ್ಪ ಹೊತ್ತು ಅಳುತ್ತದೆ, ಒಂದು ಚೂರು ಬೆಲ್ಲ ಕೊಟ್ಟರೆ ಮರೆಯುತ್ತದೆ ಎಂದು ನಮ್ಮ ಎಣಿಕೆ. ಈ ಎಣಿಕೆಯನ್ನು ಬಹುಕಾಲ ಇಟ್ಟುಕೊಂಡಿದ್ದವರಲ್ಲಿ ನಾನೂ ಒಬ್ಬ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನನ್ನ ಮಗನಿಗೆ ಆಗ ಎರಡು ವರ್ಷ. ಅತ್ತಾಗಲೆಲ್ಲ ತೊಡೆಸಂದಿಯಲ್ಲಿ ನೆಲ್ಲಿಕಾಯಿ ಗಾತ್ರದ ಉಬ್ಬು ಕಾಣಿಸಿಕೊಳ್ಳುತ್ತಿತ್ತು. ಹರ್ನಿಯಾ ಎಂದರು. ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು, ಚೆನ್ನಾಗಿಯೇ ನಡೆಯಿತು. ಆದರೆ ಅಂದಿನ ರಾತ್ರಿ ಮಗು ಕಣ್ಣು ಮುಚ್ಚಲಿಲ್ಲ. ಮೊದಲು ಜೋರಾಗಿ ಅತ್ತಿತು. ಆಮೇಲೆ ದನಿ ಉಡುಗಿ, ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡು, ನರಳುತ್ತ ಮಲಗಿತು. “ಹೋಗಿ ಕೇಳ್ರೀ, ನೋವಿಗೆ ಏನಾದರೂ ಕೊಡುತ್ತಾರೇನೋ” ಎಂದಳು ನನ್ನ ಹೆಂಡತಿ. ಹೋಗಿ ಕೇಳಿದೆ. “ಮಕ್ಕಳು ಅಳುವುದು ಸಹಜ ಮೇಷ್ಟ್ರೇ, ಬೆಳಗಾದರೆ ಸರಿಹೋಗುತ್ತದೆ” ಎಂಬ ಉತ್ತರ ಬಂತು. ನಾನೂ ಅದನ್ನೇ ತಂದು ಅವಳಿಗೆ ಒಪ್ಪಿಸಿದೆ. ಬೆಳಗಾಯಿತು, ಮಗು ಅಳು ನಿಲ್ಲಿಸಿತ್ತು. ಸರಿಹೋಯಿತು ಎಂದುಕೊಂಡೆವು.

ಕಳೆದ ವರ್ಷ ನನ್ನ ಮಗಳ ಮಗನಿಗೆ, ಮೂರು ವರ್ಷದ ಹುಡುಗನಿಗೆ, ಅದೇ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆ ಬೇರೆ, ಕಾಲ ಬೇರೆ. ಹುಡುಗ ಎಚ್ಚರಗೊಂಡ ಸ್ವಲ್ಪ ಹೊತ್ತಿಗೆ ನೀರು ಕುಡಿದ, ಬಿಸ್ಕತ್ತು ಕೇಳಿದ, ತಾಯಿಯ ತೊಡೆಯ ಮೇಲೆ ಮಲಗಿ ನಿದ್ದೆ ಮಾಡಿದ. ಈ ಎರಡು ರಾತ್ರಿಗಳ ನಡುವಿನ ಅಂತರಕ್ಕೆ ಕಾರಣವೇನೆಂದು ಅರಿವಳಿಕೆಯ ವೈದ್ಯರನ್ನು ಕೇಳಿ, ಬಳಿಕ ಓದಿ ತಿಳಿದುಕೊಂಡೆ. ನಾನು ವೈದ್ಯನಲ್ಲ, ಕನ್ನಡ ಕಲಿಸುವ ಮೇಷ್ಟ್ರು. ಆದರೂ ನಮ್ಮಂಥ ಮನೆಯವರು ತಿಳಿದಿರಲೇಬೇಕಾದ ಸಂಗತಿ ಇದು ಎಂದು ತೋರಿದ್ದರಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮಾತು. ಎಳೆಯ ಮಕ್ಕಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂದು ನಂಬಿದವರು ನಾವು ಮಾತ್ರವಲ್ಲ; ದೊಡ್ಡ ದೊಡ್ಡ ವಿದ್ವಾಂಸರೂ ನಂಬಿದ್ದರು. ೧೯೪೧ರಲ್ಲಿ ಅಮೆರಿಕದ ಮಿರ್ಟಲ್ ಮೆಕ್‌ಗ್ರಾ ಎಂಬಾಕೆ ಶಿಶುಗಳ ಚರ್ಮಕ್ಕೆ ಸೂಜಿಮೊನೆ ತಾಗಿಸಿ ನೋಡಿ, ಹುಟ್ಟಿದ ಹೊಸತರಲ್ಲಿ ಅವು ತೋರುವ ಪ್ರತಿಕ್ರಿಯೆ ಮಂದವೆಂದು ಬರೆದರು. ಹಸುಗೂಸಿನ ಮಿದುಳು ಇನ್ನೂ ಬಲಿತಿಲ್ಲ, ಆದ್ದರಿಂದ ನೋವೂ ಇಲ್ಲ ಎಂಬ ಅಭಿಪ್ರಾಯ ಬೇರೂರಿತು. ಇದರ ಫಲವೇನಾಯಿತೆಂಬುದನ್ನು ೧೯೭೭ರಲ್ಲಿ ಪ್ರಕಟವಾದ ಒಂದು ಲೆಕ್ಕ ತೋರಿಸಿತು. ಜೋಆನ್ ಈಲೆಂಡ್ ಎಂಬ ಅಮೆರಿಕದ ದಾದಿ, ಶಸ್ತ್ರಚಿಕಿತ್ಸೆಯಾದ ನಾಲ್ಕರಿಂದ ಎಂಟು ವರ್ಷದ ೨೫ ಮಕ್ಕಳ ದಾಖಲೆಗಳನ್ನು ನೋಡಿದರು. ಅವರಲ್ಲಿ ೧೩ ಮಕ್ಕಳಿಗೆ ನೋವಿನ ಔಷಧ ಒಮ್ಮೆಯೂ ದೊರೆತಿರಲಿಲ್ಲ. ಎಲ್ಲ ಮಕ್ಕಳಿಗೂ ಸೇರಿ ಕೊಟ್ಟದ್ದು ೨೪ ಬಾರಿ. ಅಂಥದೇ ಕಾಯಿಲೆಗಳಿದ್ದ ೧೮ ಮಂದಿ ದೊಡ್ಡವರಿಗಾದರೋ ಅಫೀಮಿನ ಜಾತಿಯ ಔಷಧವನ್ನೇ ೩೭೨ ಬಾರಿ ಕೊಟ್ಟಿದ್ದರು. ಬೇರೆ ಔಷಧಗಳು ಇದರ ಮೇಲೆ. ದೊಡ್ಡವರು ಕೇಳಿದರು, ಪಡೆದರು. ಮಕ್ಕಳು ಅತ್ತರು, ಅಷ್ಟೆ.

ಈ ನಂಬಿಕೆಯ ಬುಡವನ್ನು ಅಲುಗಿಸಿದವರಲ್ಲಿ ಮುಖ್ಯರು ನಮ್ಮ ದೇಶದಿಂದ ಹೋದ ಕನ್ವಲ್‌ಜೀತ್ ಸಿಂಗ್ ಆನಂದ್. ಇಂದೋರಿನಲ್ಲಿ ವೈದ್ಯಕೀಯ ಓದಿ, ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ತೆರಳಿ ಸಂಶೋಧನೆ ನಡೆಸಿದ ಇವರು, ದಿನ ತುಂಬುವ ಮೊದಲೇ ಹುಟ್ಟಿ ಎದೆಯ ಶಸ್ತ್ರಚಿಕಿತ್ಸೆಗೆ ಬಂದ ಕೂಸುಗಳನ್ನು ಗಮನಿಸಿದರು. ಆಗಿನ ರೂಢಿಯಂತೆ ಇಂಥ ಕೂಸುಗಳಿಗೆ ಸೌಮ್ಯವಾದ ಅನಿಲವನ್ನೂ ಸ್ನಾಯುಗಳನ್ನು ಸಡಿಲಗೊಳಿಸುವ ಮದ್ದನ್ನೂ ಕೊಟ್ಟು ಶಸ್ತ್ರ ಹಿಡಿಯುತ್ತಿದ್ದರು. ಕೆಲವು ಕೂಸುಗಳಿಗೆ ಇದರ ಜೊತೆಗೆ ಬಲವಾದ ನೋವುನಿವಾರಕವನ್ನೂ ಕೊಟ್ಟು ಆನಂದರು ಹೋಲಿಸಿ ನೋಡಿದರು. ನೋವುನಿವಾರಕ ಸಿಗದ ಕೂಸುಗಳ ರಕ್ತದಲ್ಲಿ ಸಂಕಟದ ಕಾಲಕ್ಕೆ ಸುರಿಯುವ ರಸಗಳು ಬಹಳ ಏರಿದ್ದವು. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಅವುಗಳಿಗೇ ಹೆಚ್ಚು. ಈ ವರದಿ ಪ್ರಕಟವಾದದ್ದು ೧೯೮೭ರಲ್ಲಿ. ಕೂಸಿನ ಬಾಯಿ ಹೇಳದಿದ್ದುದನ್ನು ಅದರ ರಕ್ತ ಹೇಳಿತು. ಸಂಸ್ಕೃತದಲ್ಲಿ ‘ವೇದನೆ’ ಎಂಬ ಶಬ್ದ ‘ವಿದ್’, ಅಂದರೆ ತಿಳಿ, ಎಂಬ ಧಾತುವಿನಿಂದ ಬಂದದ್ದು. ಮಗುವಿಗೆ ಹೇಳಲು ಬಾರದಿರಬಹುದು, ತಿಳಿಯದೆ ಇರುವುದಿಲ್ಲ.

ಇನ್ನು ನೋವನ್ನು ತಡೆಯುವ ಬಗೆಗೆ ಬರೋಣ. ‘ಅರಿವಳಿಕೆ’ ಎಂಬ ಮಾತನ್ನು ನೀವು ಕೇಳಿದ್ದೀರಿ. ಅರಿವು ಎಂಬುದಕ್ಕೆ ಅಳಿಕೆ ಸೇರಿ, ಉಕಾರ ಲೋಪವಾಗಿ, ಅರಿವಳಿಕೆ. ಅರಿವು ಅಳಿಯುವುದು ಎಂದು ಅರ್ಥ. ಇಡೀ ಮೈಗೆ ಮತ್ತು ಬರಿಸಿ ನಿದ್ದೆಗೆ ಕಳುಹಿಸುವ ಪೂರ್ಣ ಅರಿವಳಿಕೆಗೆ ಈ ಹೆಸರು ಒಪ್ಪುತ್ತದೆ. ಆದರೆ ‘ಪ್ರಾದೇಶಿಕ ಅರಿವಳಿಕೆ’ ಎಂಬ ಇನ್ನೊಂದು ಬಗೆಯಿದೆ. ಬಾನುಲಿಯಲ್ಲಿ ‘ಪ್ರದೇಶ ಸಮಾಚಾರ’ ಎನ್ನುತ್ತೇವಲ್ಲ, ಅದೇ ಅರ್ಥ. ಮೈಯ ಒಂದು ಪ್ರದೇಶಕ್ಕೆ ಮಾತ್ರ ಸಂಬಂಧಿಸಿದ್ದು. ಇಲ್ಲಿ ಅಳಿಯುವುದು ಅರಿವಲ್ಲ, ಆ ಭಾಗದ ನೋವು. ನೋವಳಿಕೆ ಎಂದಿದ್ದರೆ ಇನ್ನೂ ಸರಿಯಾಗುತ್ತಿತ್ತೇನೋ.

ಈ ಎರಡರ ಭೇದವನ್ನು ರೇಡಿಯೋ ಇರುವ ಮನೆಯವರಿಗೆ ತಿಳಿಸುವುದು ಸುಲಭ. ಗಾಯವಾದ ಜಾಗ ಸುದ್ದಿ ಹುಟ್ಟುವ ಊರು. ಅಲ್ಲಿಂದ ನರವೆಂಬ ತಂತಿಯ ಮೂಲಕ ಸುದ್ದಿ ಬೆನ್ನುಹುರಿಗೆ ಬರುತ್ತದೆ. ಬೆನ್ನುಹುರಿ ಮರುಪ್ರಸಾರ ಕೇಂದ್ರವಿದ್ದಂತೆ. ಅಲ್ಲಿಂದ ಮಿದುಳಿಗೆ ಮುಟ್ಟಿದಾಗ ‘ನೋವು’ ಎಂದು ಕೇಳಿಸುತ್ತದೆ. ಮಿದುಳು ನಮ್ಮ ಮನೆಯ ರೇಡಿಯೋ. ಪೂರ್ಣ ಅರಿವಳಿಕೆ ಎಂದರೆ ರೇಡಿಯೋದ ಗುಂಡಿ ತಿರುಗಿಸಿ ಆರಿಸಿದಂತೆ. ನಮಗೆ ಕೇಳಿಸದು, ಆದರೆ ಸುದ್ದಿ ಹೊರಡುವುದು ನಿಲ್ಲುವುದಿಲ್ಲ. ಮತ್ತೆ ರೇಡಿಯೋ ಹಾಕಿದ ಕೂಡಲೇ, ಅಂದರೆ ಮಗು ಎಚ್ಚರಗೊಂಡ ಕೂಡಲೇ, ಅದು ಪೂರ್ಣ ಧ್ವನಿಯಲ್ಲಿ ಕೇಳತೊಡಗುತ್ತದೆ. ಪ್ರಾದೇಶಿಕ ಅರಿವಳಿಕೆಯಾದರೋ ಸುದ್ದಿಯ ತಂತಿಯನ್ನೇ ನಡುವೆ ತಡೆಯುತ್ತದೆ. ರೇಡಿಯೋ ಚಾಲೂ ಇದ್ದರೂ ಆ ಊರಿನ ಸುದ್ದಿ ಕೆಲವು ಗಂಟೆಗಳ ಕಾಲ ಬರುವುದಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ನೋವು ಅತಿ ತೀವ್ರವಾಗಿರುವುದು ಮೊದಲ ಕೆಲವು ಗಂಟೆಗಳಲ್ಲೇ ಅಲ್ಲವೆ? ಆ ಹೊತ್ತನ್ನು ದಾಟಿಸುವುದೇ ಇದರ ಉಪಕಾರ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ತರುಣ ವೈದ್ಯ ಕೊಕೇನ್ ದ್ರಾವಣದ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ. ೧೮೯೮ರಲ್ಲಿ ಜರ್ಮನಿಯ ಕೀಲ್ ನಗರದ ಆಗಸ್ಟ್ ಬಿಯರ್ ಬೆನ್ನಿನೊಳಕ್ಕೆ ಅದೇ ಮದ್ದನ್ನು ಚುಚ್ಚಿ ಸೊಂಟದ ಕೆಳಭಾಗದ ನೋವು ಅಡಗಿಸಿದ. ಮದ್ದಿನ ಗುಣವನ್ನರಿಯಲು ತನ್ನ ಬೆನ್ನನ್ನೂ ಸಹಾಯಕನ ಸೂಜಿಗೆ ಒಡ್ಡಿದ. ೧೯೦೯ರಲ್ಲಿ ಲಂಡನ್ನಿನ ಟಿರೆಲ್ ಗ್ರೇ ಎಂಬ ಶಸ್ತ್ರವೈದ್ಯ ಮಕ್ಕಳಿಗೂ ಹಸುಗೂಸುಗಳಿಗೂ ಈ ಚುಚ್ಚುಮದ್ದು ಕೊಟ್ಟ ಅನುಭವವನ್ನು ಬರೆದ. ೧೯೩೩ರಲ್ಲಿ ಅಮೆರಿಕದ ಮೆರಿಡಿತ್ ಕ್ಯಾಂಬೆಲ್, ಬೆನ್ನಿನ ತೀರ ಕೆಳತುದಿಯಲ್ಲಿ ಮದ್ದು ಕೊಡುವ ಬಗೆಯನ್ನು ಮಕ್ಕಳಲ್ಲಿ ಬಳಸಿದ್ದನ್ನು ವರದಿ ಮಾಡಿದ. ಮುಂದೆ ನಿದ್ದೆ ಬರಿಸುವ ಮದ್ದುಗಳು ಸುಧಾರಿಸಿದಂತೆ ಮಕ್ಕಳ ಪಾಲಿಗೆ ಇದು ಬಹುಪಾಲು ಮರೆತುಹೋಯಿತು. ಮಗುವಿನ ನೋವು ನಿಜವೆಂಬ ಅರಿವು ಮೂಡಿದ ಕಾಲಕ್ಕೆ ಈ ಹಳೆಯ ವಿದ್ಯೆ ಮತ್ತೆ ಮುಂದಕ್ಕೆ ಬಂತು. ಅಷ್ಟರಲ್ಲಿ ಕೊಕೇನಿನ ಜಾಗಕ್ಕೆ ಹೆಚ್ಚು ಸುರಕ್ಷಿತವಾದ ಮದ್ದುಗಳು ಬಂದಿದ್ದವು: ೧೯೪೩ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಗ್ನೊಕೇನ್, ೧೯೫೭ರಲ್ಲಿ ಅಲ್ಲಿಯೇ ತಯಾರಾದ ಬುಪಿವಕೇನ್.

ನನ್ನ ಮೊಮ್ಮಗನಿಗೆ ಕೊಟ್ಟದ್ದು ಕ್ಯಾಂಬೆಲ್ ಬರೆದ ಬಗೆಯದೇ. ವೈದ್ಯರು ಇದನ್ನು ‘ಕಾಡಲ್’ ಎನ್ನುತ್ತಾರೆ. ಬಾಲದ ಕಡೆಯದು ಎಂದು ಅರ್ಥ. ಬೆನ್ನೆಲುಬಿನ ಕೆಳಗೆ, ಎರಡು ಕುಂಡೆಗಳ ಸೀಳು ತೊಡಗುವಲ್ಲಿ, ಬೆರಳಿಟ್ಟು ನೋಡಿದರೆ ಮೂಳೆಯಲ್ಲಿ ಒಂದು ಸಣ್ಣ ಕಿಂಡಿ ಸಿಗುತ್ತದೆ. ಅದಕ್ಕೆ ತೆಳ್ಳನೆಯ ಪೊರೆಯ ಮುಚ್ಚಳ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಚರ್ಮವನ್ನು ಶುದ್ಧಿ ಮಾಡಿ, ಸಣ್ಣ ಸೂಜಿಯನ್ನು ಆ ಪೊರೆ ದಾಟಿಸಿ ಮದ್ದು ಬಿಡುತ್ತಾರೆ. ಬೆನ್ನುಹುರಿಯ ಹೊರಕವಚದ ಸುತ್ತಲಿನ ಜಾಗದಲ್ಲಿ ಮದ್ದು ಮೇಲಕ್ಕೆ ಹರಡಿ, ಅಲ್ಲಿಂದ ಹೊರಡುವ ನರಗಳನ್ನು ಜೋಮು ಹಿಡಿಸುತ್ತದೆ. ಹರ್ನಿಯಾ, ಮುಂಜಿ, ಮೂತ್ರದ್ವಾರದ ತಿದ್ದುಪಡಿ, ಕಾಲಿನ ಶಸ್ತ್ರಚಿಕಿತ್ಸೆ, ಹೀಗೆ ಹೊಕ್ಕುಳಿನಿಂದ ಕೆಳಗಿನ ಕೆಲಸಗಳಿಗೆಲ್ಲ ಇದು ಒಗ್ಗುತ್ತದೆ.

ಎಳೆಯ ಮಕ್ಕಳ ಮೈಯೇ ಇದಕ್ಕೆ ಅನುಕೂಲವಾಗಿದೆ ಎಂಬುದು ಸ್ವಾರಸ್ಯದ ಸಂಗತಿ. ದೊಡ್ಡವರಲ್ಲಿ ಆ ಕಿಂಡಿ ಮೂಳೆ ಬೆಳೆದು ಕಿರಿದಾಗಿರುತ್ತದೆ. ಮಕ್ಕಳಲ್ಲಿ ಸುಲಭವಾಗಿ ಕೈಗೆ ಸಿಗುತ್ತದೆ. ಒಳಗಿನ ಕೊಬ್ಬು ಮಕ್ಕಳಲ್ಲಿ ಸಡಿಲವಾಗಿರುವುದರಿಂದ ಮದ್ದು ಚೆನ್ನಾಗಿ ಹರಡುತ್ತದೆ. ದೊಡ್ಡವರಿಗೆ ಬೆನ್ನಿಗೆ ಮದ್ದು ಕೊಟ್ಟಾಗ ರಕ್ತದೊತ್ತಡ ಕುಸಿಯುವುದುಂಟು. ಐದಾರು ವರ್ಷದೊಳಗಿನ ಮಕ್ಕಳಲ್ಲಿ ಅದು ಅಪರೂಪ. ಪ್ರಮಾಣವನ್ನು ತೂಕ ನೋಡಿ ಕಟ್ಟುನಿಟ್ಟಾಗಿ ಲೆಕ್ಕ ಹಾಕುತ್ತಾರೆ. ಬುಪಿವಕೇನ್ ಒಮ್ಮೆಗೆ ಕಿಲೋ ತೂಕಕ್ಕೆ ಎರಡೂವರೆ ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ನಿಯಮ. ಹನ್ನೆರಡು ಕಿಲೋದ ಮಗುವಿಗೆ ತೆಳು ದ್ರಾವಣದಲ್ಲಿ ಇದು ಹೆಚ್ಚೆಂದರೆ ಎರಡೂವರೆ ಟೀ ಚಮಚದಷ್ಟಾಗುತ್ತದೆ. ಅಷ್ಟರಿಂದಲೇ ನಾಲ್ಕರಿಂದ ಆರು ಗಂಟೆಗಳ ನೆಮ್ಮದಿ.

“ಮೂರು ವರ್ಷದ ಹುಡುಗ ಬೆನ್ನಿಗೆ ಸೂಜಿ ಚುಚ್ಚಲು ಅಲ್ಲಾಡದೆ ಮಲಗುತ್ತಾನೆಯೆ?” ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಡಾಕ್ಟರು ನಕ್ಕು, “ಮೊದಲು ನಿದ್ದೆ ಬರಿಸುತ್ತೇವೆ ಮೇಷ್ಟ್ರೇ, ಆಮೇಲೆ ಸೂಜಿ. ಚುಚ್ಚಿದ್ದು ಅವನಿಗೆ ಗೊತ್ತೇ ಆಗುವುದಿಲ್ಲ” ಎಂದರು. ಮಕ್ಕಳಲ್ಲಿ ಪೂರ್ಣ ಅರಿವಳಿಕೆಯೂ ಪ್ರಾದೇಶಿಕ ಅರಿವಳಿಕೆಯೂ ಹೀಗೆ ಜೊತೆಜೊತೆಗೆ ನಡೆಯುತ್ತವೆ. ನೋವಿನ ಸುದ್ದಿಯೇ ಬಾರದ್ದರಿಂದ ನಿದ್ದೆಯ ಮದ್ದು ಕಡಿಮೆ ಸಾಕಾಗುತ್ತದೆ. ಉಸಿರಾಟವನ್ನು ಕುಗ್ಗಿಸುವ ಅಫೀಮಿನ ಜಾತಿಯ ಔಷಧಗಳ ಅವಶ್ಯಕತೆಯೂ ತಗ್ಗುತ್ತದೆ.

ದಿನ ತುಂಬದೆ ಹುಟ್ಟಿದ ಕೆಲವು ಕೂಸುಗಳಿಗೆ ಮಾತ್ರ ನಿದ್ದೆಯ ಮದ್ದೇ ಇಲ್ಲದೆ ಬೆನ್ನಿನ ಮದ್ದಿನಿಂದಲೇ ಕೆಲಸ ನಡೆಸುವುದುಂಟು. ಅವುಗಳಿಗೆ ನಿದ್ದೆಯ ಮದ್ದಿನ ಬಳಿಕ ಉಸಿರು ನಿಂತುನಿಂತು ಬರುವ ಭಯವಿರುತ್ತದೆ. ನಿದ್ದೆಯ ಮದ್ದು ಮಗುವಿನ ಮಿದುಳಿಗೆ ಕೆಡುಕೇ ಎಂಬ ಚಿಂತೆ ಅನೇಕ ತಂದೆತಾಯಿಗಳಿಗಿದೆ. ಏಳು ದೇಶಗಳ ಆಸ್ಪತ್ರೆಗಳು ಸೇರಿ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ೭೨೨ ಹಸುಗೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಚ್ಚರದಲ್ಲೇ ಪ್ರಾದೇಶಿಕ ಅರಿವಳಿಕೆ, ಇನ್ನೊಂದಕ್ಕೆ ಪೂರ್ಣ ಅರಿವಳಿಕೆ ಕೊಟ್ಟು, ಮಕ್ಕಳಿಗೆ ಐದು ವರ್ಷವಾದಾಗ ಬುದ್ಧಿಶಕ್ತಿ ಅಳೆದು ನೋಡಿದರು. ೨೦೧೯ರಲ್ಲಿ ಪ್ರಕಟವಾದ ಫಲ ಎರಡೂ ಗುಂಪಿನವು ಒಂದೇ ಸಮ ಎಂದು ತಿಳಿಸಿತು. ಒಂದು ಗಂಟೆಯೊಳಗೆ ಮುಗಿಯುವ ಒಂದು ನಿದ್ದೆಗೆ ಹೆದರಬೇಕಾಗಿಲ್ಲ.

ಕಾಡಲ್ ಒಂದೇ ದಾರಿಯೆಂದು ತಿಳಿಯಬಾರದು. ಕೈಗೆ, ಕಾಲಿಗೆ, ಹೊಟ್ಟೆಯ ಗೋಡೆಗೆ ಹೋಗುವ ಬೇರೆ ಬೇರೆ ನರಗಳನ್ನು ಹುಡುಕಿ ಅವುಗಳ ಬಳಿಯಲ್ಲೇ ಮದ್ದು ಬಿಡುವ ಕ್ರಮವಿದೆ. ಹಿಂದೆ ಇದನ್ನು ಅಂದಾಜಿನ ಮೇಲೆ ಮಾಡಬೇಕಾಗಿತ್ತು; ಈಗ ಅಲ್ಟ್ರಾಸೌಂಡ್ ಯಂತ್ರದ ಪರದೆಯ ಮೇಲೆ ನರವನ್ನೂ ಸೂಜಿಯನ್ನೂ ನೋಡುತ್ತಲೇ ಮಾಡುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಕೂದಲೆಳೆಯಂಥ ನಳಿಗೆಯನ್ನು ಅಲ್ಲೇ ಬಿಟ್ಟು ಎರಡು ಮೂರು ದಿನ ಹನಿಹನಿಯಾಗಿ ಮದ್ದು ಕೊಡುವುದೂ ಉಂಟು. ಕಾಡಲ್‌ಗಾದರೋ ಬೆಲೆಬಾಳುವ ಯಂತ್ರ ಬೇಕಿಲ್ಲ. ಸಣ್ಣ ಸೂಜಿ, ಸ್ವಲ್ಪ ಮದ್ದು, ತರಬೇತಾದ ಕೈ, ತುರ್ತಿಗೆ ಬೇಕಾದ ಸಿದ್ಧತೆ ಇದ್ದರಾಯಿತು. ಊರು ಚಿಕ್ಕದೆಂಬ ಕಾರಣಕ್ಕೆ ಮಗು ಇದರಿಂದ ವಂಚಿತವಾಗಬೇಕಿಲ್ಲ.

ಈಗ ನಮ್ಮ ಭಯಗಳ ಮಾತು. ಸುದ್ದಿ ಕೇಳಿದ ಕೂಡಲೇ ನನ್ನ ತಾಯಿ, “ಬೆನ್ನಿಗೆ ಸೂಜಿ ಮಾತ್ರ ಬೇಡ ಕಣೋ, ಕಾಲು ಸ್ವಾಧೀನ ತಪ್ಪಿದರೆ ಏನು ಗತಿ?” ಎಂದು ಪಟ್ಟು ಹಿಡಿದರು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಲೆಕ್ಕವನ್ನೂ ನೋಡಬೇಕು. ಬೆನ್ನುಹುರಿ ಹುಟ್ಟಿದ ಮಗುವಿನಲ್ಲಿಯೂ ಸೊಂಟದ ಮೂರನೆಯ ಮಣಿಯ ಸುಮಾರಿಗೆ ಮುಗಿಯುತ್ತದೆ. ಬೆಳೆದಂತೆ ಇನ್ನೂ ಮೇಲಕ್ಕೇ ನಿಲ್ಲುತ್ತದೆ. ಕಾಡಲ್ ಸೂಜಿ ಚುಚ್ಚುವ ಜಾಗ ಅದಕ್ಕಿಂತ ಬಹಳ ಕೆಳಗಿದೆ. ಅಮೆರಿಕದ ಹಲವು ಮಕ್ಕಳ ಆಸ್ಪತ್ರೆಗಳು ಕೂಡಿ ಇಟ್ಟ ದಾಖಲೆ ೨೦೧೮ರಲ್ಲಿ ಪ್ರಕಟವಾಯಿತು. ಒಂದು ಲಕ್ಷಕ್ಕೂ ಮಿಕ್ಕ ಪ್ರಾದೇಶಿಕ ಅರಿವಳಿಕೆಗಳಲ್ಲಿ ಶಾಶ್ವತವಾಗಿ ನರ ಕೆಟ್ಟದ್ದು ಒಂದೂ ಇರಲಿಲ್ಲ. ತಾತ್ಕಾಲಿಕ ತೊಂದರೆ ಹತ್ತು ಸಾವಿರಕ್ಕೆ ಎರಡು ಮೂರು. ಮದ್ದು ರಕ್ತಕ್ಕೆ ಸೇರಿ ಹೃದಯಕ್ಕೋ ಮಿದುಳಿಗೋ ತೀವ್ರ ತೊಂದರೆಯಾದದ್ದು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಈ ಕೊನೆಯ ಅಪಾಯವನ್ನು ತಡೆಯಲೆಂದೇ ವೈದ್ಯರು ಸೂಜಿಯಲ್ಲಿ ರಕ್ತ ಬರುತ್ತದೆಯೇ ಎಂದು ಎಳೆದು ನೋಡಿ, ಮದ್ದನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಾರೆ.

ಎಲ್ಲ ಮಕ್ಕಳಿಗೂ ಇದು ಸಲ್ಲದು. ಚುಚ್ಚುವ ಜಾಗದಲ್ಲಿ ಹುಣ್ಣು, ಕೀವು ಇದ್ದರೆ, ರಕ್ತ ಹೆಪ್ಪುಗಟ್ಟುವುದರಲ್ಲಿ ದೋಷವಿದ್ದರೆ, ಬೆನ್ನುಮೂಳೆ ಹುಟ್ಟಿನಿಂದಲೇ ಸರಿಯಾಗಿ ಕೂಡಿಕೊಳ್ಳದಿದ್ದರೆ ವೈದ್ಯರು ಬೇಡವೆನ್ನುತ್ತಾರೆ. ಆದ್ದರಿಂದ ಮನೆತನದಲ್ಲಿ ರಕ್ತಸ್ರಾವದ ಕಾಯಿಲೆ ಇದ್ದರೆ, ಮಗುವಿನ ಬೆನ್ನ ಕೆಳಗೆ ಗುಳಿಯೋ ಕೂದಲ ಕುಚ್ಚೋ ಇದ್ದರೆ ಮುಚ್ಚಿಡದೆ ಹೇಳಬೇಕು. ಕೆಲವೊಮ್ಮೆ ಮದ್ದು ಹತ್ತದೆಯೂ ಹೋಗಬಹುದು. ಆಗ ಬೇರೆ ಔಷಧ ಕೊಡುತ್ತಾರೆ.

ತಂದೆತಾಯಿಗಳ ಕೆಲಸವೇನು? ಹಿಂದಿನ ದಿನವೇ ಅರಿವಳಿಕೆಯ ವೈದ್ಯರನ್ನು ಕಂಡು ಮೂರು ಪ್ರಶ್ನೆ ಕೇಳಿ: ಮಗುವಿನ ನೋವಿಗೆ ಏನು ಕೊಡುತ್ತೀರಿ? ಪ್ರಾದೇಶಿಕ ಅರಿವಳಿಕೆ ಇವನಿಗೆ ಆಗುತ್ತದೆಯೆ? ಅದು ಇಳಿದ ಮೇಲೆ ಮುಂದೇನು? ಉಪವಾಸದ ನಿಯಮವನ್ನು ಅವರು ಹೇಳಿದಂತೆ ಪಾಲಿಸಿ. ಸಾಮಾನ್ಯವಾಗಿ ಊಟಕ್ಕೂ ಹಸುವಿನ ಹಾಲಿಗೂ ಆರು ಗಂಟೆ, ಎದೆಹಾಲಿಗೆ ನಾಲ್ಕು, ನೀರಿಗೆ ಎರಡು. ಪಾಪ ಹಸಿದಿದೆ ಎಂದು ಅಜ್ಜಿ ಕದ್ದು ಹಾಲು ಕುಡಿಸಿದರೆ, ನಿದ್ದೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದೀತು.

ಮದ್ದು ಇಳಿಯುವ ಹೊತ್ತು ಬಹು ಮುಖ್ಯವಾದದ್ದು. ಆರು ಗಂಟೆಯ ನೆಮ್ಮದಿ ಕಂಡು ಎಲ್ಲ ಮುಗಿಯಿತೆಂದು ಮನೆಯವರು ಮಲಗಿಬಿಡುತ್ತಾರೆ. ನಡುರಾತ್ರಿ ತಡೆ ಕಳಚಿ ಮಗು ಚೀರಿಕೊಂಡು ಏಳುತ್ತದೆ. ತಡೆ ಕಳಚುವ ಮೊದಲೇ, ವೈದ್ಯರು ತೂಕ ನೋಡಿ ಬರೆದುಕೊಟ್ಟ ಪ್ಯಾರಾಸಿಟಮಾಲನ್ನೋ ಬೇರೆ ಔಷಧವನ್ನೋ ಹೇಳಿದ ಹೊತ್ತಿಗೆ ಕೊಡಬೇಕು. ಅತ್ತ ಮೇಲೆ ಕೊಟ್ಟರಾಯಿತು ಎಂದು ಕಾಯಬಾರದು. ಆಸ್ಪಿರಿನ್ನಿನಂಥ ದೊಡ್ಡವರ ಮಾತ್ರೆಯನ್ನು ಮುರಿದು ಕೊಡುವುದಂತೂ ಸಲ್ಲದು. ಕಾಲು ಜೋಮು ಹಿಡಿದಿರುವುದರಿಂದ ಮಗುವನ್ನು ಒಬ್ಬನೇ ಓಡಾಡಲು ಬಿಡಬೇಡಿ. ಬಿಸಿನೀರಿನ ಚೀಲ ಕಾಲಿಗೆ ತಾಗಿದರೂ ಅವನಿಗೆ ತಿಳಿಯದು, ನೆನಪಿರಲಿ. ಮೂತ್ರ ಬಹಳ ತಡವಾದರೆ, ಜೋಮು ಹೇಳಿದ ಹೊತ್ತಿಗೆ ಬಿಡದಿದ್ದರೆ ಕೂಡಲೇ ತಿಳಿಸಿ.

ಹೇಳಬಾರದ ಮಗುವಿನ ನೋವನ್ನು ಅಳೆಯುವುದು ಹೇಗೆ? ೧೯೯೭ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ರೂಪಿಸಿದ ಸರಳವಾದ ಕ್ರಮವೊಂದಿದೆ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಕ್ಕೆ ಒಗ್ಗುವಿಕೆ, ಈ ಐದನ್ನು ನೋಡಿ ಒಂದೊಂದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವುದು, ಒಟ್ಟು ಹತ್ತು. ಮುಖ ಸಡಿಲ, ಕಾಲು ಸಡಿಲ, ಅಳುವಿಲ್ಲ ಎಂದರೆ ಸೊನ್ನೆ. ಹುಬ್ಬು ಗಂಟಿಕ್ಕಿ, ಗದ್ದ ನಡುಗಿ, ಕಾಲು ಮೇಲಕ್ಕೆಳೆದು, ಎತ್ತಿಕೊಂಡರೂ ಸಮಾಧಾನವಾಗದಿದ್ದರೆ ಅಂಕ ಏರುತ್ತದೆ. ಇದರಲ್ಲಿ ಅಳುವಿಗೆ ಇರುವುದು ಐದರಲ್ಲಿ ಒಂದೇ ಪಾಲು ಎಂಬುದನ್ನು ಗಮನಿಸಬೇಕು. ಅಳು ನಿಂತ ಮಾತ್ರಕ್ಕೆ ನೋವು ನಿಂತಿತು ಎನ್ನುವಂತಿಲ್ಲ.

ಮೂವತ್ತು ವರ್ಷಗಳಿಂದ ಮಕ್ಕಳ ಉತ್ತರಪತ್ರಿಕೆಗಳಿಗೆ ಅಂಕ ಹಾಕುತ್ತಿರುವ ನನಗೆ ಈ ಕ್ರಮವನ್ನು ಓದಿದಾಗ ಆ ಹಳೆಯ ರಾತ್ರಿ ನೆನಪಾಯಿತು. ಎಳೆದುಕೊಂಡ ಮಂಡಿಗಳು, ಗಂಟಿಕ್ಕಿದ ಹುಬ್ಬು, ಉಡುಗಿದ ದನಿ, ಎಲ್ಲವೂ ನನ್ನ ಕಣ್ಣ ಮುಂದೆಯೇ ಇದ್ದವು. ಓದಲು ಬಾರದೆ ಹೋಯಿತು. ಆ ಮಗ ಈಗ ಬೆಳೆದು ಕೆಲಸದಲ್ಲಿದ್ದಾನೆ, ಅವನಿಗೆ ಆ ರಾತ್ರಿಯ ನೆನಪಿಲ್ಲ. ನನಗಿದೆ. ಎರಡನೆಯ ಬಾರಿ ಹೋಗಿ ಕೇಳಬಹುದಾಗಿತ್ತು, ಕೇಳಲಿಲ್ಲ. ನಿಮ್ಮ ಮನೆಯ ಮಗುವಿಗೆ ಅಂಥ ಸಂದರ್ಭ ಬಂದರೆ ನೀವು ಕೇಳಿ. ಉತ್ತರ ಬರುವವರೆಗೆ ಕೇಳಿ. ಅದರ ಪರವಾಗಿ ಮಾತನಾಡಬೇಕಾದವರು ನಾವೇ.